ತಗಡಿನ ಪೆಟ್ಟಿಗೆಯ ಕಾಗದಗಳು

ಸೇಲಂನ ನೇಕಾರರ ಬೀದಿಯಲ್ಲಿ ತಾತಂದಿರ ಕಾಲದಿಂದಲೂ ನಮ್ಮ ನೆರೆಯವರಾದ ಪಕ್ಕದ ಮನೆಯವರ ಮಗಳು ಅಕ್ಕನ ತಗಡಿನ ಪೆಟ್ಟಿಗೆ ಕಂಡರೆ ನನಗೆ ಹೊಟ್ಟೆಯುರಿ. ಅದರಲ್ಲಿ ಅವಳ ತಾತ ಯುದ್ಧಕ್ಕೆ ಹೋದಾಗ ಬರೆದ ಕಾಗದಗಳಿದ್ದವು. ಜೊತೆಗೇ ಹೋಗಿ ಹಿಂತಿರುಗದ ನನ್ನ ತಾತನದು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ.

ನಮ್ಮೆಲ್ಲರ ಮನೆಮಾತು ಕನ್ನಡವಾದರೂ ಅಕ್ಕ ಓದಲು ಕಲಿತದ್ದು ತಮಿಳು ಮಾತ್ರ; ಕನ್ನಡದ ಕಾಗದ ಓದಲು ನಾನೇ ಬೇಕು. "ಲೇ, ಮೊದ್ಲು ಕೈ ತೊಳ್ಕಂಡು ಬಾ" ಎಂದು ಪ್ರತಿಸಲವೂ ಹೇಳಿ, ನನ್ನ ಬೆರಳುಗಳನ್ನು ಸೆರಗಿನಿಂದ ಒರೆಸಿಯೇ ಕಾಗದ ಕೊಡುವಳು.

ಒಮ್ಮೆ ಒಂದು ಕಾಗದದ ಕೊನೆಗೆ ಹೀಗಿತ್ತು: "ಪಕ್ಕದ ಮನೆಯವನೂ ಕ್ಷೇಮ. ತನಗೆ ಬರೆಯಲು ಬಾರದೆಂದು ಅಳುತ್ತಾನೆ. ಅವನ ಮನೆಗೂ ತಿಳಿಸಿ."

ಅಷ್ಟನ್ನು ಮನಸ್ಸಿನಲ್ಲೇ ಓದಿಕೊಂಡು, ಗಟ್ಟಿಯಾಗಿ ಓದದೆ ನಿಲ್ಲಿಸಿದೆ.

"ಕಡೇಲಿ ಇನ್ನಾ ಏನೋ ಐತಲ್ಲಾ?" ಅಕ್ಕ ಬೆರಳಿಟ್ಟು ಕೇಳಿದಳು.

"ನಿಮ್ ತಾತನ ರುಜು ಅಕ್ಕಾ" ಎಂದು ಕಾಗದ ಮಡಿಸಿ ಕೊಟ್ಟೆ. ಆ ಮೂರು ಸಾಲು ನಮ್ಮ ಮನೆಯವು. ಅವಳಿಗೇಕೆ ಕೊಡಲಿ?