ಕೈ ಖಾಲಿಯಾದ ಸುದ್ದಿ

ಹನಗೋಡಿನ ಹತ್ತಿರ ನನ್ನ ಅಕ್ಕನದೊಂದು ಬ್ಯಾರನ್ ಇದೆ, ಹೊಗೆಸೊಪ್ಪು ಒಣಗಿಸುವ ಎತ್ತರದ ಕೋಣೆ. ಸೊಪ್ಪು ತುಂಬುವ ದಿನ ಅಕ್ಕ ಮೇಲೆ ಅಡ್ಡಮರಗಳ ಮೇಲೆ ನಿಲ್ಲುತ್ತಾಳೆ, ನಾನು ಕೆಳಗೆ. ಸೊಪ್ಪು ಕಟ್ಟಿದ ಕಡ್ಡಿಯನ್ನು ಅವಳು "ಕೊಡು" ಎನ್ನುವವರೆಗೆ ಎತ್ತಬಾರದು. ಅವಳ ಕೈ ತುಂಬಿದ್ದಾಗ ಎತ್ತಿದರೆ ಸೊಪ್ಪು ನೆಲಕ್ಕೆ. ತೀರಾ ಹೊತ್ತಾದರೂ ಕೂಗು ಬರದಿದ್ದರೆ "ಕೈ ಖಾಲಿಯಾ ಅಕ್ಕ?" ಎಂದು ನಾವೇ ಕೇಳಬೇಕು. ಚಿಕ್ಕಂದಿನಲ್ಲೇ ಕಲಿತ ಪಾಠ.

ಹುಣಸೂರಿನಲ್ಲಿ ಕೂತು ಪ್ರೋಗ್ರಾಮ್ ಬರೆದು ಬದುಕುವ ನಾನು ಅದನ್ನು ಮರೆತೆ. ಬ್ಯಾರನ್ ಗೋಡೆಗೆ ಒಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಜೋಡಿಸಿ, "ಶಾಖ ಏರಿದ್ರೆ ಬೆಲ್ ಹೊಡೀತದೆ, ನೀನು ಪದೇ ಪದೇ ಬಂದು ನೋಡ್ಬೇಡ" ಎಂದು ಜಂಬದಿಂದ ಹೇಳಿದ್ದೆ.

ಪೆಟ್ಟಿಗೆಯೊಳಗೆ ಎರಡು ಪ್ರೋಗ್ರಾಮ್. ಒಂದು ಶಾಖ ಅಳೆದು ಚೀಟಿ ಕಳಿಸುತ್ತದೆ. ಇನ್ನೊಂದು ಅದನ್ನು ಓದಿ ಬೆಲ್ ಹೊಡೆದು ನನ್ನ ಫೋನಿಗೂ ತಿಳಿಸುತ್ತದೆ. ನಡುವೆ ಚೀಟಿ ದಾಟಿಸುವ ಸಾಕೆಟ್ ಎಂಬ ಕೊಳವೆ, ಎಲ್ಲ ಪ್ರೋಗ್ರಾಮ್‌ಗಳ ಮೇಸ್ತ್ರಿಯಾದ ಕರ್ನಲ್‌ನ ಸುಪರ್ದಿಯಲ್ಲಿ. ಕೊಳವೆಯಲ್ಲಿ ಚೀಟಿ ತುಂಬಿಹೋದರೆ ಕರ್ನಲ್ ಕಳಿಸುವವನನ್ನು ಮಲಗಿಸುತ್ತದೆ, ಜಾಗವಾದಾಗ ಅದೇ ಕೂಗಿ ಎಬ್ಬಿಸಬೇಕು.

ಒಂದು ಮಧ್ಯಾಹ್ನ ನೆಟ್‌ವರ್ಕ್ ಹೋಯಿತು. ಓದುವವನು ನನ್ನ ಫೋನ್ ಹುಡುಕುತ್ತ ನಿಂತ, ಚೀಟಿ ತುಂಬಿತು, ಕಳಿಸುವವನು ಮಲಗಿದ. ನೆಟ್‌ವರ್ಕ್ ಬಂದ ಮೇಲೆ ಹಳೆಯ ಚೀಟಿಗಳೆಲ್ಲ ಓದಿ ಮುಗಿದವು. ಆದರೆ ನಾನು ಹಾಕಿದ್ದ ಹಳೆಯ ಕರ್ನಲ್‌ನಲ್ಲಿ ಒಂದು ದೋಷವಿತ್ತು, "ಜಾಗವಾಯಿತು" ಎಂದು ಅದು ಓದುವವನ ಬಾಗಿಲಲ್ಲಿ ಕೂಗಿತು. ಕಳಿಸುವವನು ತನ್ನ ಬಾಗಿಲಲ್ಲಿ ಮಲಗಿದ್ದ. ಏಳಲೇ ಇಲ್ಲ, ಹೊಸ ಚೀಟಿ ಬಾರದೆ ಬೆಲ್ಲೂ ಹೊಡೆಯಲಿಲ್ಲ. ಅಕ್ಕ ಬೆಲ್ ನಂಬಿ ಒಲೆಗೆ ಸೌದೆ ತುಂಬಿ, ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದಳು. ಫೋನ್ ಸುಮ್ಮನಿದೆ, ಅಂದರೆ ಎಲ್ಲ ಸರಿಯಿದೆ ಎಂದು ನಾನೂ ನೆಮ್ಮದಿಯಾಗಿ ಉಂಡು ಕೂತಿದ್ದೆ. ಸಂಜೆಯ ಹೊತ್ತಿಗೆ ಬ್ಯಾರನ್ ತುಂಬ ಸೊಪ್ಪು ಕಪ್ಪಾಗಿತ್ತು.

ಅಕ್ಕ ಬೈಯಲಿಲ್ಲ. "ನಾನೇ ವಸಿ ಬಂದು ನೋಡ್ಬೇಕಿತ್ತು ಬುಡು" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪ್ರೋಗ್ರಾಮ್ ತಿದ್ದಲು ಎರಡು ಸಾಲು ಸಾಕಾಯಿತು: ಕೂಗು ಬರದಿದ್ದರೂ ಆಗಾಗ ಎದ್ದು ನೋಡು. ನನ್ನಿಂದ ಅಷ್ಟೂ ಆಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ, ಅವಳೇ ಕರೆದರೆ ಹೋಗೋಣ ಎಂದು ಎರಡು ಸಲ ಬ್ಯಾರನ್ ತುಂಬುವಷ್ಟು ದಿನ ಕೂತೆ. ಕರೆ ಬರಲಿಲ್ಲ.

ಕೊನೆಗೆ ಕರೆಯದೆಯೇ ಹೋದೆ. ಅಕ್ಕ ಮೇಲಿದ್ದಳು, ಕೆಳಗೆ ಯಾರೂ ಇರಲಿಲ್ಲ. ಒಂದೊಂದು ಕಡ್ಡಿಗೂ ತಾನೇ ಇಳಿದು ಹತ್ತುತ್ತಿದ್ದಳು. ನಾನು ಒಂದು ಕಡ್ಡಿ ಎತ್ತಿಕೊಂಡೆ.

"ಕೈ ಖಾಲಿಯಾ ಅಕ್ಕ?"

"ಯಾವತ್ತಿಂದ್ಲೋ ಖಾಲಿ ಕಣೇ," ಎಂದಳು. "ನೀನೇ ಕೇಳ್ಲಿಲ್ಲ."