ಹೋಸಿಯತ್ ಮಸೆದ ಕತ್ತಿ

ಇಸ್ತರವ್ಶಾನ್ ಪಟ್ಟಣದ ಚೂರಿ ಮಾಡುವವರ ಕೇರಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಕಬ್ಬಿಣದ ವಾಸನೆ ಮೂಗಿಗೆ ಹತ್ತುವುದೇ ಇಲ್ಲ. ಹೋಸಿಯತ್ ಹಾಗೆ ಹುಟ್ಟಿದವಳು. ಅವಳ ಅಪ್ಪನಿಗೆ ಗಂಡುಮಕ್ಕಳಿದ್ದರು, ಇಲ್ಲವೆಂದಲ್ಲ, ಆದರೆ ಅವರಿಗೆ ಪಾರಿವಾಳ ಹಾರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಹಾಗಾಗಿ ಸಾಣೆಕಲ್ಲಿನ ಮುಂದೆ ಕೂತವಳು ಇವಳೇ. ಒಬ್ಬ ಅಣ್ಣನಂತೂ ಪಾರಿವಾಳದ ಹಿಂದೆ ಓಡಿ ಮಸೀದಿಯ ಮಾಡಿನಿಂದ ಕೆಳಗೆ ಬಿದ್ದ. ಅದು ಬೇರೆಯೇ ಕಥೆ, ಇರಲಿ.

ಮದುವೆಯಾಗಿ ಬಂದದ್ದು ನಮ್ಮ ಕೇರಿಯ ಕ್ಷೌರಿಕ ಉಸ್ತಾ ಮಹ್ಕಮನ ಮನೆಗೆ. ಒಳ್ಳೆಯ ಮನುಷ್ಯ. ಮಾತು ಸಕ್ಕರೆ, ಕೈ ರೇಷ್ಮೆ. ಕತ್ತಿ ಮಸೆಯಲು ಮಾತ್ರ ಬಾರದು. ಹೊಸ ಸೊಸೆ ಒಂದು ಬೆಳಗ್ಗೆ ಅವನು ಮಸೆಯುವ ಸದ್ದು ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕತ್ತಿಯನ್ನು ಕಸಿದುಕೊಂಡಳು. ಅಂದಿನಿಂದ ಅವನು ಸಾಯುವವರೆಗೂ ಆ ಮನೆಯ ಕತ್ತಿಗಳು ಅವಳ ಕೈಯಲ್ಲೇ ಮಸೆಸಿಕೊಂಡವು. ಊರಿನವರು ಬೋಳುತಲೆ ಸವರಿಕೊಂಡು "ಆಹಾ, ಮಹ್ಕಮನ ಹರಿತ!" ಎನ್ನುತ್ತಿದ್ದರು. ಅವನು ಮೀಸೆಯಲ್ಲೇ ನಗುತ್ತಿದ್ದ. ಅವಳು ಒಳಗೆ ರೊಟ್ಟಿ ತಟ್ಟುತ್ತಿದ್ದಳು.

ಮಹ್ಕಮ್ ತೀರಿಹೋದ ಮೇಲೆ ಮಗ ತೋಹಿರ್ ಅಂಗಡಿಯಲ್ಲಿ ಕೂತ. "ನಾನೇ ಮಸೀತೀನಮ್ಮ. ಅಮ್ಮನ ಕೈಲಿ ಮಾಡಿಸ್ಕೋತಾನೆ ಅಂತ ಜನ ಆಡ್ಕೋಬಾರ್ದು" ಎಂದು ಸಾಣೆಕಲ್ಲನ್ನೂ ಎತ್ತಿಕೊಂಡು ಹೋದ. ದುಃಖದಲ್ಲಿದ್ದ ಹೋಸಿಯತ್ ಎದುರಾಡಲಿಲ್ಲ.

ತೋಹಿರ್ ಅಪ್ಪನ ಹಾಗೆಯೇ ಮೆದು ಮನಸ್ಸಿನವನು, ಯಾರಿಗೂ ಇಲ್ಲ ಎನ್ನಲಾರ. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ಕೇರಿಯ ಗಂಡಸರೆಲ್ಲ ಸೇರಿ ಓಶ್ ಅನ್ನಕ್ಕೆ ರಾಶಿ ರಾಶಿ ಗಜ್ಜರಿ ಹೆಚ್ಚಬೇಕು. ಹೆಚ್ಚುವುದು ಕಡಿಮೆ, ಹರಟುವುದು ಹೆಚ್ಚು. ಅವರ ಚೂರಿಗಳೋ ಮೊಂಡು. ಯಾರೋ ಬಂದು "ತೋಹಿರ್ ಜೋನ್, ಆ ಕಲ್ಲು ಒಂಚೂರು ಕೊಡೋ" ಎಂದರೆ ಇವನು ಕೊಟ್ಟುಬಿಡುತ್ತಿದ್ದ. ಒಂದು ಮದುವೆ, ಇನ್ನೊಂದು ಮದುವೆ. ಗಜ್ಜರಿಯ ಚೂರಿಗಳು ಆ ಕಲ್ಲಿನ ನಡುವನ್ನು ತಿಂದು ತಿಂದು ತೊಟ್ಟಿಯ ಹಾಗೆ ಮಾಡಿಬಿಟ್ಟವು. ಇವನು ಅದೇ ತೊಟ್ಟಿಯಲ್ಲಿ ಕ್ಷೌರದ ಕತ್ತಿಯನ್ನು ಮಸೆದ. ಮಸೆದು ಹೋಗಿ ಯೋರ್ಮತ್ ಬೋಬೊನ ಕಿವಿಯ ಹಿಂದೆ ಗೀರಿಬಿಟ್ಟ.

ಯೋರ್ಮತ್ ಬೋಬೊ ಎಂದರೆ ಕೇರಿಯ ಹಿರಿಯಜ್ಜ. ಅವನು ಹೊರಳಿದ ಕಡೆಗೆ ಕೇರಿ ಹೊರಳುತ್ತದೆ. ಅವನು ಪೇಟೆಯ ಮಷೀನಿನ ಕ್ಷೌರಿಕನ ಹತ್ತಿರ ಹೋದ, ಹಿಂದೆಯೇ ಎಲ್ಲರೂ ಹೋದರು. ತೋಹಿರನ ಅಂಗಡಿಯ ಬೆಂಚಿನ ಮೇಲೆ ಬೆಕ್ಕು ಮರಿ ಹಾಕಿತು.

ಅಷ್ಟರಲ್ಲಿ ಯೋರ್ಮತ್ ಬೋಬೊನ ಮೊಮ್ಮಗ ಪರ್ವೀಜನ ಮದುವೆ ಗೊತ್ತಾಯಿತು. ಮದುಮಗನ ತಲೆ ಬೋಳಿಸುವುದು ನಮ್ಮಲ್ಲಿ ಸಣ್ಣ ಕೆಲಸವಲ್ಲ. ಅಂಗಳದ ನಡುವೆ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ಹೆಂಗಸರು ದೋಯಿರಾ ತಮಟೆ ಬಡಿದು ಹಾಡುತ್ತಿರುವಾಗ ಬೋಳಿಸಬೇಕು. ಆ ಬಿಳಿ ಬಟ್ಟೆಯ ಮೇಲೆ ರಕ್ತದ ಹನಿ ಬಿದ್ದರೆ ಮುಗಿಯಿತು, ಮುದುಕಿಯರು ಸಾಯುವವರೆಗೂ ಅದನ್ನೇ ಹೇಳಿಕೊಂಡು ಇರುತ್ತಾರೆ.

ಹೋಸಿಯತ್ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಯೋರ್ಮತ್ ಬೋಬೊನ ಮನೆಗೆ ನಡೆದಳು.

"ಬೋಬೊ, ನಾಳಿದ್ದು ಪರ್ವೀಜನ ತಲೆಗೆ ತೋಹಿರನ್ನೇ ಕೂರಿಸ್ಬೇಕು."

"ಏನವ್ವ, ನನ್ನ ಕಿವಿ ನೋಡಿದ್ಯಾ? ಗಜ್ಜರಿ ಹೆಚ್ಚಿದ ಹಾಗೆ ಹೆಚ್ಚಿದ್ದಾನೆ ನಿನ್ನ ಮಗ."

"ನೋಡ್ದೆ. ಕಿವಿ ಜಾಗದಲ್ಲೇ ಇದೆಯಲ್ಲ."

ಮುದುಕನಿಗೆ ನಗು ಬಂತು, ನುಂಗಿಕೊಂಡ. ರೊಟ್ಟಿ ಮುರಿದ. "ಮಹ್ಕಮನ ಮುಖ ನೋಡಿ ಒಪ್ತೀನಿ. ಆದ್ರೆ ಕೇಳು, ಬಟ್ಟೆ ಮೇಲೆ ಒಂದು ಹನಿ ಬಿತ್ತೋ, ಆ ಅಂಗಡಿ ಬೀಗದಕೈ ಪೇಟೆಯವನಿಗೆ ಕೊಡ್ತೀನಿ. ಈ ಕೇರೀಲಿ ನಿನ್ನ ಮಗ ಕುರಿ ಉಣ್ಣೇನೂ ಕತ್ತರಿಸೋ ಹಾಗಿಲ್ಲ."

"ಆಗ್ಲಿ" ಎಂದು ಬಂದವಳು ಮಗನ ಅಂಗಡಿಯಿಂದ ಕಲ್ಲನ್ನು ಎತ್ತಿಕೊಂಡಳು. ನೋಡಿದಳು. ಹಳ್ಳದಲ್ಲಿ ಬೆರಳಾಡಿಸಿದಳು.

"ಇದ್ರಲ್ಲಿ ಸೂಪ್ ಕುಡಿಬಹುದಲ್ಲೋ ಕತ್ತೆ!"

"ಜನ ಕೇಳಿದ್ರಮ್ಮ..." ತೋಹಿರ್ ತಲೆ ತಗ್ಗಿಸಿದ.

"ಜನ ನಿನ್ನ ಹಲ್ಲು ಕೇಳಿದ್ರೆ ಬಿಚ್ಚಿ ಕೊಡ್ತೀಯಾ? ಮರಳು ತಗೊಂಬಾ, ಹೋಗು. ಕಾಲುವೆಯಂಚಿನ ನಯ ಮರಳು."

ಹಿಪ್ಪುನೇರಳೆ ಮರದ ಕೆಳಗೆ ಹಳೆಯ ಬೀಸುವ ಕಲ್ಲಿನ ಚಪ್ಪಟೆ ಹೋಳೊಂದು ಬಿದ್ದಿತ್ತು. ಅದರ ಮೇಲೆ ಒದ್ದೆ ಮರಳು ಹರಡಿದಳು. ಸಾಣೆಕಲ್ಲಿನ ಮುಖಕ್ಕೆ ಇದ್ದಿಲಿನಿಂದ ಅಡ್ಡಡ್ಡ ಗೆರೆ ಎಳೆದು, ಮಗುಚಿ ಹಾಕಿ ಉಜ್ಜಲು ತೊಡಗಿದಳು. ಅಂಚಿನ ಗೆರೆಗಳು ಬೇಗ ಅಳಿಸಿಹೋದವು. ನಡುವಿನ ಹಳ್ಳದ ಕಪ್ಪು ಮಾತ್ರ ಹಾಗೇ ಕೂತಿತ್ತು. ಉಜ್ಜಿದಳು. ತೊಳೆದು ನೋಡಿದಳು, ಮತ್ತೆ ಉಜ್ಜಿದಳು. ತೋಹಿರ್ "ಕೊಡಮ್ಮ, ನಾನು" ಎಂದು ಕೂತ. ತಾಯಿ ದಣಿದರೆ ಮಗ, ಮಗ ದಣಿದರೆ ತಾಯಿ. ಕಟ್ಟಕಡೆಯ ಕಪ್ಪು ಚುಕ್ಕೆ ಮಾಯವಾದಾಗ ಕಲ್ಲು ತೆಳ್ಳಗಾಗಿತ್ತು, ಆದರೆ ನಿಂತ ನೀರಿನ ಹಾಗೆ ಸಮನಾಗಿತ್ತು.

ಆಮೇಲೆ ಕತ್ತಿ. ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗಿರಬೇಕು, ಅದೇ ಎಲ್ಲ. ನೀರು ಚಿಮುಕಿಸಿ, ಕಲ್ಲಿನ ಸಿಪ್ಪೆ ಸುಲಿಯುವವಳ ಹಾಗೆ ಅಂಚನ್ನು ಮುಂದೆ ಮಾಡಿ ತಳ್ಳಿದಳು. ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ ಹಿಂದಕ್ಕೆ ತಂದಳು.

"ಒತ್ತಬೇಡ ಕಣೋ. ಕತ್ತಿಗೆ ಅದರ ಭಾರವೇ ಸಾಕು. ನೀನು ಹೆದರ್ಕೊಂಡು ಒತ್ತುತೀಯ, ಅದಕ್ಕೇ ಹಾಳಾಗೋದು. ಸದ್ದು ಕೇಳಿಸ್ಕೋ."

ಮೊದಲು ಕರಕರ ಎನ್ನುತ್ತಿತ್ತು. ಮೆಲ್ಲಗೆ ಅದು ಪಿಸುಮಾತಾಯಿತು. ಆಮೇಲೆ ಸದ್ದೇ ಇಲ್ಲ. ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಸವರಿ, ತನ್ನ ಜಡೆಯಿಂದ ಒಂದು ನರೆಗೂದಲು ಕಿತ್ತು ಇಳಿಬಿಟ್ಟು ತಾಗಿಸಿದಳು. ಕೂದಲು ಎರಡಾಯಿತು, ಅದಕ್ಕೇ ಗೊತ್ತಾಗಲಿಲ್ಲ.

ಮದುವೆಯ ಬೆಳಗ್ಗೆ ಅಂಗಳ ತುಂಬಿತ್ತು. ಪೇಟೆಯ ಮಷೀನಿನವನೂ ನೆಂಟನ ಹಾಗೆ ಬಂದು ಮುಂದೆಯೇ ಕೂತು ಒಣ ಏಪ್ರಿಕಾಟ್ ತಿನ್ನುತ್ತಿದ್ದ. ತೋಹಿರನ ಹಣೆಯಲ್ಲಿ ಬೆವರು. ಬಾಗಿಲ ಪರದೆಯ ಹಿಂದೆ ಹೆಂಗಸರ ನಡುವೆ ನಿಂತ ಹೋಸಿಯತ್ ಮಗನ ಕೈಯನ್ನೇ ನೋಡುತ್ತಿದ್ದಳು. ಮಗ ಕತ್ತಿ ಎತ್ತಿದ, ಒತ್ತಲಿಲ್ಲ. ಮದುಮಗನ ನೊರೆ ಹಚ್ಚಿದ ಕೂದಲು ಹಿಮ ಜಾರಿದ ಹಾಗೆ ಜಾರಿತು. ದೋಯಿರಾ ಬಡಿತ ಜೋರಾಯಿತು. ಆಗ ಯಾರೋ ಕಿಸಕ್ಕೆಂದರು: ಪರ್ವೀಜ್ ನಿದ್ದೆ ಹೋಗಿದ್ದ! ಕತ್ತಿಯ ಕೆಳಗೆ, ಬಾಯಿ ತೆರೆದುಕೊಂಡು, ಮಗುವಿನ ಹಾಗೆ.

"ಏಳೋ ಮದುಮಗಾ, ಹೆಣ್ಣು ಓಡಿಹೋಗ್ತಾಳೆ!" ಎಂದು ಹೆಂಗಸರು ಕೂಗಿದರು.

ಯೋರ್ಮತ್ ಬೋಬೊ ಎದ್ದು ಬಂದ. ಬಿಳಿ ಬಟ್ಟೆಯನ್ನು ಬಿಸಿಲಿಗೆ ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ. ಕೂದಲು ಬಿಟ್ಟರೆ ಏನೂ ಇಲ್ಲ. ಮೊಮ್ಮಗನ ತಲೆ ಸವರಿದ. ಕಣ್ಣು ತುಂಬಿತು.

"ಇದು ಮಹ್ಕಮನ ಹರಿತ. ಅಪ್ಪನ ಹಾಗೆ ಮಸೆಯೋದು ಕಲ್ತ್ಯಲ್ಲೋ."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೋಹಿರ್ ಪರದೆಯ ಕಡೆ ನೋಡಿದ.

"ಬೋಬೊ, ಮಸೆದಿದ್ದು ಅಮ್ಮ. ಅಪ್ಪನ ಕಾಲದಲ್ಲೂ ಅಮ್ಮನೇ."

ದೋಯಿರಾ ನಿಂತಿತು. ಮುದುಕ ಟೋಪಿ ತೆಗೆದು ತನ್ನ ತಲೆಯನ್ನೇ ತಡವಿಕೊಂಡ, ಇಷ್ಟು ವರ್ಷ ಅಲ್ಲಿ ಓಡಾಡಿದ ಕತ್ತಿಯನ್ನು ನೆನೆಸಿಕೊಳ್ಳುವವನ ಹಾಗೆ. ಆಮೇಲೆ ಮೊಮ್ಮಗನನ್ನು ಎಬ್ಬಿಸಿ ಪಕ್ಕಕ್ಕೆ ತಳ್ಳಿ, ಅದೇ ಪೀಠದ ಮೇಲೆ ತಾನೇ ಕೂತ.

"ಕೂದಲು ಬೆಳೆದಿದೆ. ಬೋಳಿಸು. ಹೋಸಿಯತ್ ಅವ್ವ ಎಲ್ಲಿ? ಕಲ್ಲು ತರ್ಲಿ ಇಲ್ಲಿಗೇ."

ಅವನ ಹಿಂದೆ ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಪೇಟೆಯವನು ಏಪ್ರಿಕಾಟ್ ಬೀಜ ಉಗಿದು, ಸುಮ್ಮನೆ ಸಾಲಿನ ಕೊನೆಗೆ ಹೋಗಿ ನಿಂತ. ಹೋಸಿಯತ್ ತಲೆವಸ್ತ್ರ ಸರಿಮಾಡಿಕೊಂಡು ಅಂಗಳದ ನಡುವೆ, ಎಲ್ಲರೆದುರು ಕೂತಳು. ಮಡಿಲಲ್ಲಿ ಕಲ್ಲು, ಪಕ್ಕದಲ್ಲಿ ನೀರಿನ ಪಿಯಾಲ ಬಟ್ಟಲು. ಹೆಂಗಸರು ಅವಳ ತಲೆಯ ಮೇಲೆ ಸಕ್ಕರೆ ಮಿಠಾಯಿ ಎರಚಿದರು, ಮದುಮಗಳಿಗೆ ಎರಚುವ ಹಾಗೆ.

ಅಡುಗೆಯವನೊಬ್ಬ ಮೊಂಡು ಚೂರಿ ಹಿಡಿದು ಹತ್ತಿರ ಸುಳಿದ. "ಅವ್ವಾ, ಒಂಚೂರು..."

"ಹೊಸ್ತಿಲಿಗೆ ಉಜ್ಕೋ ಹೋಗು" ಎಂದಳು ತಲೆ ಎತ್ತದೆ. ಕಲ್ಲಿನ ಮೇಲೆ ಕತ್ತಿ ಪಿಸುಗುಟ್ಟುತ್ತಿತ್ತು.