ತೊಟ್ಟಿಗೆ ನಾನು ಬರೆದ ಹೆಸರು

ಸಿದ್ದಮ್ಮನವರೇ, ನಿಮ್ಮೂರ ಸರ್ಕಾರಿ ಬಾವಿಯ ನಕ್ಷೆ ಮೇಲಿನಿಂದ ಬಂದದ್ದಲ್ಲ. ಅದನ್ನು ಬರೆದವನು ನಾನು. ನೀವು ನೀರು ಹಿಡಿಯಲೆಂದು ಕಟ್ಟಿದ ತೊಟ್ಟಿಗೆ ‘ದನಗಳ ತೊಟ್ಟಿ’ ಎಂಬ ಹೆಸರು ಕೊಟ್ಟವನೂ ನಾನೇ. ಗೊತ್ತಿಲ್ಲದೆ ಬರೆದದ್ದಲ್ಲ—ಎಲ್ಲ ಗೊತ್ತಿದ್ದೇ ಬರೆದೆ.

ಅಂದು ನಿಮ್ಮನ್ನು ‘ಏನಮ್ಮಿ’ ಎಂದು ಕರೆಯುತ್ತಿದ್ದೆ. ವಯಸ್ಸಿನಲ್ಲಿ ನೀವು ನನಗಿಂತ ದೊಡ್ಡವರು. ನಿಮ್ಮ ಹೆಸರನ್ನೂ ನಿಮ್ಮಿಂದ ಕೇಳಿ ತಿಳಿದವನಲ್ಲ, ಕೂಲಿಯವರ ಹಾಜರಿ ಪುಸ್ತಕದಲ್ಲಿ ಓದಿದವನು.

ಆಗ ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಕುದೇರಿನ ಒಕ್ಕಲು ಮನೆಯವನು. ಓದಿ ಕೆಲಸ ಹಿಡಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದಿದ್ದ ಹೊಸತು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗಿರುವ ನಿಮ್ಮೂರಿಗೆ ಎಲ್ಲರೂ ಬಳಸುವಂಥ ಒಂದು ಬಾವಿ ಮಂಜೂರಾಗಿತ್ತು. ನಾನು ಮೊದಲು ಬರೆದ ನಕ್ಷೆಯಲ್ಲಿ ಕಟ್ಟೆಗೆ ನಾಲ್ಕು ಕಡೆ ಮೆಟ್ಟಿಲು, ನಾಲ್ಕು ರಾಟೆ ಇದ್ದವು. ಆ ಹಾಳೆಯನ್ನು ಎಷ್ಟು ಹೆಮ್ಮೆಯಿಂದ ನೋಡಿಕೊಂಡಿದ್ದೆ—

ಜಾಗ ಗುರುತಿಸಲು ಬಂದ ದಿನ ನಿಮ್ಮೂರ ಪಟೇಲರ ಮನೆಯಲ್ಲಿ ಊಟ. ಅವರ ತಂಗಿಯ ಮಗಳನ್ನು ನನಗೆ ಕೊಡುವ ಮಾತು ಆಗಲೇ ನಡೆದಿತ್ತು. ನಕ್ಷೆ ನೋಡಿದವರು ಕೋಪಿಸಿಕೊಳ್ಳಲಿಲ್ಲ. ಎಲೆಗೆ ಇನ್ನಷ್ಟು ತುಪ್ಪ ಹಾಕಿಸಿ ಮೆಲ್ಲಗೆ ಹೇಳಿದರು:

“ಕಾಗ್ದದ ಮೇಲ ಯಾರ ಜಾತಿನೂ ಬರೋದ್ ಬ್ಯಾಡ. ಆದ್ರ ಕೇರಿಯೋರು ಬಾವಿ ಕಟ್ಟ ಅತ್ತಕೂಡ್ದು. ನೀವು ನಮ್ಮೋರೆಯ, ಅದ್ಕೊಂದು ದಾರಿ ನೋಡ್ಬುಡಿ.”

ನೋಡಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಊರ ಕಡೆಗೆ ಮಾತ್ರ ಮೆಟ್ಟಿಲು ಉಳಿಸಿದೆ. ಕೇರಿಯ ಕಡೆಗೆ ಎದೆಯೆತ್ತರದ ಗೋಡೆ, ಗೋಡೆಯಲ್ಲೊಂದು ತೂತು, ಅದರ ಕೆಳಗೆ ತೊಟ್ಟಿ. ಮೇಲೆ ನಿಂತವರು ಮನಸ್ಸು ಬಂದಾಗ ಒಂದು ಕೊಡ ಸುರಿದರೆ ಕೆಳಗಿನವರಿಗೆ ನೀರು. ಆದರೆ ಈ ತೊಟ್ಟಿ ಯಾಕೆಂದು ಮೇಲಧಿಕಾರಿ ಕೇಳಿದರೆ? ಅದಕ್ಕೇ ಆ ಹೆಸರು. ಮಸಿ ಆರುವ ತನಕ ಅದನ್ನೇ ನೋಡುತ್ತಾ ಕೂತಿದ್ದೆ.

ಬಾವಿ ತೋಡಿದವರು ನಿಮ್ಮ ಯಜಮಾನರು ಮಾದಯ್ಯ ಮತ್ತು ನಿಮ್ಮ ಕೇರಿಯವರೇ. ಬಂಡೆ ಒಡೆದು ನೀರು ಕಂಡ ದಿನ ಅವರು ಒದ್ದೆ ಮೈಯಲ್ಲಿ ಮೇಲೆ ಬಂದು ನನಗೆ ಕೈ ಮುಗಿದರು. ನಾನು ಆ ನಮಸ್ಕಾರವನ್ನು ಇಟ್ಟುಕೊಂಡೆ.

ತನಿಖೆಗೆ ಅಧಿಕಾರಿ ಬರುವ ಮುಂಚೆ ನಕ್ಷೆಯಲ್ಲಿದ್ದಂತೆಯೇ ಎಲ್ಲದರ ಮೇಲೂ ಕನ್ನಡದಲ್ಲಿ ಹೆಸರು ಬರೆಸಬೇಕೆಂದು ಆದೇಶವಾಯಿತು. ಬಣ್ಣದವನು ಬರೆದು ಹೋದ. ಮಾರನೆಯ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ನೀವು ಕೊಡ ತುಂಬಿಸಿ ತಲೆಗೆ ಏರಿಸಿದ್ದಿರಿ. ಶಾಲೆಗೆ ಸೇರಿ ಅಕ್ಷರ ಕಲಿಯುತ್ತಿದ್ದ ನಿಮ್ಮ ಮಗಳು ರಾಜಮ್ಮ ತೊಟ್ಟಿಯ ಮೇಲಿನ ಬರಹಕ್ಕೆ ಬೆರಳಿಟ್ಟು ಓದಿದಳು—ದ... ನ... ಗ... ಳ... ಕೂಡಿಸಿ ಓದಲು ಬಂದಿತೆಂಬ ಖುಷಿಯಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಓದಿದಳು.

ನೀವು ಕೊಡ ಇಳಿಸಿದಿರಿ. ನೀರನ್ನು ನೆಲಕ್ಕೆ ಚೆಲ್ಲಲಿಲ್ಲ, ತೊಟ್ಟಿಗೇ ನಿಧಾನವಾಗಿ ಸುರಿದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

“ಬುದ್ದಿ, ಇದ ಬರ್ದೋರ್ಗ ನಾವಿಲ್ಲಿ ನೀರ್ ಹಿಡಿಯದು ಗೊತ್ತಿತ್ತಾ?”

“ಇಲ್ಲ,” ಎಂದೆ. “ಮೇಲಿನಿಂದ ಬಂದ ನಕ್ಷೆ. ಅವರಿಗೇನು ಗೊತ್ತು?”

ನೀವು ನಂಬಿದಿರೋ ಇಲ್ಲವೋ—ತಲೆಯಾಡಿಸಿ, ಮಗಳ ಕೈ ಹಿಡಿದು ಖಾಲಿ ಕೊಡದೊಂದಿಗೆ ಹೋದಿರಿ. ಅಂದಿನಿಂದ ನಿಮ್ಮ ಕೇರಿಯವರು ಯಾರೂ ಆ ನೀರು ಮುಟ್ಟಲಿಲ್ಲವಂತೆ. ಮೈಲಿ ದೂರದ ಕೆರೆಗೆ, ಮೊದಲಿನಿಂದ ನೀರು ತರುತ್ತಿದ್ದ, ದನ ಎಮ್ಮೆ ಇಳಿಯುವ ಅದೇ ಕೆರೆಗೆ, ಮತ್ತೆ ನಡೆದಿರಿ. ತೋಡಿದ ಬಾವಿ ಮನೆಯ ಎದುರಿಗೇ ಇತ್ತು.

ಆ ಒಂದು ‘ಇಲ್ಲ’ವನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಅಧಿಕಾರಿ ಬಂದಾಗ ಊರಿನವರ ದೂರೇನಾದರೂ ಇದೆಯೇ ಎಂದು ನನ್ನನ್ನೇ ಕೇಳಿದರು. ಇಲ್ಲವೆಂದೆ. ಅಚ್ಚುಕಟ್ಟಾದ ನಕ್ಷೆ ಎಂದು ಹೊಗಳಿದರು. ಇನ್ನೂ ಮೂರು ಊರುಗಳಿಗೆ ಅದೇ ಇರಲಿ ಎಂದರು. ಕಚೇರಿಯ ಕಿಟಕಿಯ ಬೆಳಕಿನಲ್ಲಿ ಮೂರು ಪ್ರತಿ ತೆಗೆದೆ—ಗೋಡೆ, ತೂತು, ತೊಟ್ಟಿ, ಹೆಸರು. ಪಟೇಲರ ಸೋದರ ಸೊಸೆಯೊಂದಿಗೆ ಮದುವೆಯೂ ಆಯಿತು. ಅವಳಿಗೂ ಈ ಮಾತು ಹೇಳಿಲ್ಲ.

ಆಮೇಲೆ ನಾನು ಬರೆದ ಬಾವಿಗಳಿಗೆಲ್ಲ ನಾಲ್ಕು ಕಡೆಯೂ ಮೆಟ್ಟಿಲಿಟ್ಟೆ. ಅದನ್ನು ಇಲ್ಲಿ ಹೇಳಿಕೊಳ್ಳುವುದೂ ನಾಚಿಕೆಯೇ. ನೀವು ಕೆರೆಗೆ ನಡೆದ ಒಂದು ದಿನವೂ ಅದರಿಂದ ಕಡಿಮೆಯಾಗಲಿಲ್ಲ. ಈಗ ಕೇರಿಗೆ ನಲ್ಲಿ ಬಂದಿದೆ, ಬಾವಿಯಲ್ಲಿ ಹೂಳು ತುಂಬಿದೆ ಎಂದು ಕೇಳಿದೆ. ರಾಜಮ್ಮನವರು ಗುಂಡ್ಲುಪೇಟೆಯ ಶಾಲೆಯಲ್ಲಿ ಮೇಡಂ ಆಗಿದ್ದಾರಂತೆ. ಈ ಕಾಗದವನ್ನು ನಿಮಗೆ ಓದಿ ಹೇಳುವವರು ಅವರೇ ಇರಬೇಕು. ಅದನ್ನು ಯೋಚಿಸಿಯೇ ಎರಡು ಸಲ ಹರಿದು ಹಾಕಿದ್ದೆ.

ಬರುವ ಸೋಮವಾರ ನಾನೇ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಬಾಗಿಲ ಹೊರಗೆ ನಿಂತು, ಕೇರಿಯವರು ಇರುವಾಗಲೇ, ಇದೇ ಮಾತನ್ನು ಬಾಯಿಂದ ಹೇಳುತ್ತೇನೆ. ಆಮೇಲೆ ಉಳಿದ ಮೂರು ಊರುಗಳಿಗೂ ಹೋಗಬೇಕು. ಅಲ್ಲಿ ಯಾರ ಮುಂದೆ ನಿಲ್ಲಬೇಕೋ ತಿಳಿಯದು—ಅವರಲ್ಲಿ ಒಬ್ಬರ ಹೆಸರನ್ನೂ ನಾನು ಎಂದೂ ಕೇಳಿರಲಿಲ್ಲ.